ಹೊಲ ನಮ್ಮದು, ಹೊಲದಡಿಯ ಕಲ್ಲು ಯಾರದು?



ಹೊಲದಲ್ಲಿ ಹೂತಿದ್ದ ನಿಧಿಯ ಸಾಮತಿಯನ್ನು (ಮತ್ತಾಯ 13:44) ನಾವೆಲ್ಲರೂ ಕೇಳಿದ್ದೇವೆ. ನಿಧಿಯನ್ನು ಕಂಡವನು ತನ್ನದೆಲ್ಲವನ್ನೂ ಮಾರಿ ಆ ಹೊಲವನ್ನು ಕೊಂಡುಕೊಳ್ಳುತ್ತಾನೆ. ಪ್ರಭು ಯೇಸು ಅಲ್ಲಿ ಸ್ವರ್ಗಸಾಮ್ರಾಜ್ಯದ ಬೆಲೆಯನ್ನು ತಿಳಿಸುತ್ತಿದ್ದಾರೆಯೇ ಹೊರತು ವ್ಯಾಪಾರ ಕಲಿಸುತ್ತಿಲ್ಲ. ಆದರೂ ಆ ಹೊಲವನ್ನು ಮಾರಿದವನ ಬಗ್ಗೆ ನಾವು ಯೋಚಿಸುವುದೇ ಇಲ್ಲ. ತನ್ನ ನೆಲದಲ್ಲಿ ಏನಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ನಮ್ಮ ರೈತ ಕುಟುಂಬಗಳು ಅನೇಕ ವೇಳೆ ನಿಲ್ಲುವುದು ಅವನ ಜಾಗದಲ್ಲಿಯೇ.

ಹಾಸನದ ನೆಲ ಬರಿಯ ಕೆಂಪು ಮಣ್ಣಲ್ಲ. ಬೇಲೂರು, ಹಳೇಬೀಡಿನ ಶಿಲ್ಪಗಳು ಬಳಪದ ಕಲ್ಲಿನಲ್ಲಿ ಮೂಡಿದವು. ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದಲ್ಲಿ ಕ್ರೋಮೈಟ್ ಅದಿರು ಸಿಕ್ಕಿದೆ. ‘ಹಾಸನ್ ಗ್ರೀನ್’ ಎಂಬ ಹಸಿರು ಕಲ್ಲು ಗ್ರಾನೈಟ್ ವ್ಯಾಪಾರಿಗಳಿಗೆಲ್ಲ ಪರಿಚಿತ. ಹೀಗಿರುವಾಗ ಕಟ್ಟಾಯ ಹೋಬಳಿಯಲ್ಲಾಗಲಿ, ಹೊಳೆನರಸೀಪುರ, ಅರಕಲಗೂಡಿನ ಕಡೆಯಲ್ಲಾಗಲಿ, ಬಂಡೆಯಿಂದಾಗಿ ಉಳುಮೆಗೆ ಬಾರದ ಎರಡು ಎಕರೆಗೆ ಒಳ್ಳೆಯ ದುಡ್ಡು ಕೊಡುತ್ತೇನೆಂದು ಯಾರಾದರೂ ಬಂದರೆ, ಮೊದಲು ಕೇಳಬೇಕಾದದ್ದು ‘ಎಷ್ಟು ಕೊಡುತ್ತೀರಿ?’ ಎಂದಲ್ಲ. ‘ನಾನು ಮಾರುತ್ತಿರುವುದಾದರೂ ಏನನ್ನು?’ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಯಾವುದು ನಮ್ಮದು?

1964ರ ಕರ್ನಾಟಕ ಭೂಕಂದಾಯ ಕಾಯಿದೆಯ 70ನೇ ಕಲಮಿನ ಪ್ರಕಾರ, ಸರ್ಕಾರ ಭೂಮಿಯನ್ನು ಮಂಜೂರು ಮಾಡಿದ ಷರತ್ತುಗಳಲ್ಲಿ ಬೇರೆ ರೀತಿ ಸ್ಪಷ್ಟವಾಗಿ ಹೇಳಿರದಿದ್ದರೆ, ಗಣಿ ಮತ್ತು ಖನಿಜಗಳ ಹಕ್ಕು ರಾಜ್ಯ ಸರ್ಕಾರದ್ದು. ಕೇರಳದ ಮಲಬಾರಿನ ಜನ್ಮಿ ಭೂಮಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಬೇರೊಂದು ಮಾತು ಹೇಳಿತು: ಕಾನೂನಿನ ಮೂಲಕ ಹಕ್ಕು ಕಳೆದುಕೊಂಡಿರದಿದ್ದರೆ ನೆಲದ ಒಡೆಯನೇ ನೆಲದಡಿಯ ಖನಿಜಕ್ಕೂ ಒಡೆಯ. ಆ ತೀರ್ಪನ್ನು ತೋರಿಸಿ ‘ಕಲ್ಲೆಲ್ಲ ನಿಮ್ಮದೇ, ಬರೆದುಕೊಡಿ’ ಎನ್ನುವವರು ಬಂದರೆ ಎಚ್ಚರವಿರಲಿ. ನಮ್ಮಲ್ಲಿ 70ನೇ ಕಲಮು ಇದೆ. ಸಾಗುವಳಿ ಚೀಟಿ ಅಥವಾ ಮೂಲ ಮಂಜೂರಾತಿ ಪತ್ರವನ್ನು ವಕೀಲರಿಗೆ ತೋರಿಸದೆ ಹೆಜ್ಜೆ ಇಡಬೇಡಿ.

ಹಾಗಾದರೆ ನಮ್ಮ ಕೈಯಲ್ಲಿ ಏನೂ ಇಲ್ಲವೇ? ಇದೆ. ಗ್ರಾನೈಟ್, ಕಟ್ಟಡದ ಕಲ್ಲು ಮುಂತಾದವು ಉಪಖನಿಜಗಳು. ಇವುಗಳಿಗೆ ರಾಜ್ಯದ 1994ರ ನಿಯಮಗಳಿವೆ. ಪಟ್ಟಾ ಜಮೀನಿನಲ್ಲಿ ಹೊರಗಿನವರು ಕಲ್ಲುಗಣಿ ಗುತ್ತಿಗೆ ಪಡೆಯಲು ಪಟ್ಟೆದಾರನ ಒಪ್ಪಿಗೆ ಬೇಕು. ಆ ಒಪ್ಪಿಗೆ ನಮ್ಮದು. ಮೇಲಿನ ನೆಲ ನಮ್ಮದು. ಲಾರಿ ಓಡಾಡುವ ದಾರಿ ನಮ್ಮ ಹೊಲದಲ್ಲಿದ್ದರೆ ಅದೂ ನಮ್ಮದೇ. ನಾವು ಬೆಲೆ ಕಟ್ಟಬೇಕಾದದ್ದು ಇವುಗಳಿಗೆ.

ಬೆಲೆ ಕಟ್ಟುವುದು ಹೇಗೆ?

ಒಂದು ಲೆಕ್ಕ ಹಾಕೋಣ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. 6 ಮೀಟರ್ ಆಳಕ್ಕೆ ತೆಗೆದರೆ 24,000 ಘನ ಮೀಟರಿಗೂ ಹೆಚ್ಚು ಕಲ್ಲು. ತೂಕದಲ್ಲಿ 60,000 ಟನ್ನಿಗೂ ಮಿಕ್ಕಿ. ಎಲ್ಲವೂ ಒಳ್ಳೆಯ ಬ್ಲಾಕ್ ಆಗುವುದಿಲ್ಲ. ಬಿರುಕು ಬಿಟ್ಟದ್ದು, ಬಣ್ಣ ಕೆಟ್ಟದ್ದು ಬಹಳ ಇರುತ್ತದೆ. ಹತ್ತರಲ್ಲಿ ಒಂದು ಪಾಲು ಮಾತ್ರ ಒಳ್ಳೆಯದೆಂದು ಇಟ್ಟುಕೊಂಡರೂ 2,400 ಘನ ಮೀಟರ್ ಆಯಿತು. ‘ಎಕರೆಗೆ ಇಷ್ಟು’ ಎಂಬ ಮಾತಿನಲ್ಲಿ ಇದು ಯಾವುದೂ ಸೇರಿರುವುದಿಲ್ಲ.

ಆದ್ದರಿಂದ ಭೂವಿಜ್ಞಾನ ಬಲ್ಲವರಿಗೆ ಜಮೀನು ತೋರಿಸಿ. ಹಾಸನದ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ವಿಚಾರಿಸಿ. ರಾಜಧನ ಸರ್ಕಾರಕ್ಕೆ ಹೋಗುವ ಹಣ. ನಿಮ್ಮ ಪಾಲು ಎಷ್ಟೆಂಬುದು ನಿಮ್ಮ ಕರಾರಿನಲ್ಲಿ ಬರೆದಿರಬೇಕು. ಒಂದೇ ಇಡಿಗಂಟಿಗೆ ಒಪ್ಪುವ ಬದಲು, ಸಾಗಿಸಿದ ಪ್ರತಿ ಘನ ಮೀಟರಿಗೆ ಇಷ್ಟು, ವರ್ಷಕ್ಕೆ ಕನಿಷ್ಠ ಇಷ್ಟು ಎಂದು ಕೇಳಬಹುದು. ಸಾಗಣೆ ಪರವಾನಗಿಯ ಪ್ರತಿ ನಿಮಗೂ ಸಿಗುವಂತಿರಲಿ. ಇಲ್ಲವಾದರೆ ಎಷ್ಟು ಲಾರಿ ಹೋಯಿತೆಂದು ಎಣಿಸುವವರು ಯಾರು?

ಖರ್ಚಿನ ಕಡೆಯನ್ನೂ ಬರೆಯಿರಿ. ಸಿಡಿಮದ್ದಿಗೆ ಗೋಡೆ ಬಿರಿದರೆ, ಬಾವಿ ಬತ್ತಿದರೆ, ಪಕ್ಕದವರ ರಾಗಿಯ ಮೇಲೆ ಧೂಳು ಕುಳಿತರೆ ಯಾರು ಕೊಡಬೇಕು? ಕೊನೆಗೆ ಆ ಗುಂಡಿಯನ್ನು ಮುಚ್ಚಿ ಬೇಲಿ ಹಾಕುವವರು ಯಾರು? ಸಣ್ಣ ಕಲ್ಲುಗಣಿಗಳಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದೆ. ಅದನ್ನು ಪಡೆಯುವ ಹೊಣೆ ಯಾರದೆಂಬುದೂ ಕಾಗದದಲ್ಲಿರಲಿ. ಗುತ್ತಿಗೆ ಒಂದು ವರ್ಷಕ್ಕೆ ಮೀರಿದ್ದರೆ ನೋಂದಣಿ ಕಡ್ಡಾಯ. ಖಾಲಿ ಛಾಪಾ ಕಾಗದಕ್ಕೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಡಿ.

ಮನೆಯವರೆಲ್ಲರ ಮಾತು

ಪಹಣಿಯಲ್ಲಿ ಅಣ್ಣನ ಹೆಸರೊಂದೇ ಇದ್ದ ಮಾತ್ರಕ್ಕೆ ಅವನೊಬ್ಬನೇ ಒಡೆಯನಲ್ಲ. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಸ್ವಂತ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಮಕ್ಕಳಿದ್ದರೆ ವಿಧವೆಗೆ ಮೂರರಲ್ಲಿ ಒಂದು ಪಾಲು. ಉಳಿದದ್ದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾಗಿ. ಮದುವೆ ಮಾಡಿಕೊಟ್ಟ ತಂಗಿಯನ್ನು ಕೇಳದೆ ಕಲ್ಲು ಮಾರಿದರೆ ಅವಳ ಪಾಲನ್ನೂ ಮಾರಿದಂತೆ. ನಾಳೆ ಕೋರ್ಟಿನ ಮೆಟ್ಟಿಲು ಹತ್ತುವುದಕ್ಕಿಂತ ಇಂದು ಅಮ್ಮನ ಮುಂದೆ ಎಲ್ಲರೂ ಕುಳಿತು ಮಾತಾಡುವುದು ಮೇಲು.

ಹೇಮಾವತಿ ಜಲಾಶಯಕ್ಕಾಗಿ ಶೆಟ್ಟಿಹಳ್ಳಿಯ ನೆಲವನ್ನು ಬಿಟ್ಟುಬಂದ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹೋದ ಹೊಲ ಹಿಂದಕ್ಕೆ ಬರುವುದಿಲ್ಲ. ಅದು ನಾಡಿನ ಅಗತ್ಯಕ್ಕಾಗಿ ಹೋಯಿತು. ಇಲ್ಲಿಯಾದರೋ ಬೇಡ ಎನ್ನುವ ಅವಕಾಶ ನಮ್ಮ ಕೈಯಲ್ಲೇ ಇದೆ.

ಕಷ್ಟಕ್ಕಾಗಿ, ಮಕ್ಕಳ ಓದಿಗಾಗಿ ಮಾರುವುದು ತಪ್ಪೇನಲ್ಲ. ಒಂದು ವಸ್ತುವನ್ನು ಅದರ ಯೋಗ್ಯತೆಗಿಂತ ಹೆಚ್ಚಿಗೆ ಮಾರುವುದೂ ಕಡಿಮೆಗೆ ಕೊಳ್ಳುವುದೂ ಅನ್ಯಾಯವೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಈ ಮಾತು ಮಾರುವವರಿಗೆಷ್ಟೋ, ನಮ್ಮ ನಡುವೆಯೇ ಇರುವ ಕೊಳ್ಳುವವರಿಗೂ ದಲ್ಲಾಳಿಗಳಿಗೂ ಅಷ್ಟೇ. ಆ ಯೋಗ್ಯತೆ ಎಷ್ಟೆಂದು ಮಾರುವವನಿಗೆ ತಿಳಿದಿರದಿದ್ದರೆ ಬೆಲೆ ನ್ಯಾಯವಾದದ್ದೇ ಎಂದು ಹೇಳುವವರು ಯಾರು? ಆದ್ದರಿಂದ ಯಾರು ಎಷ್ಟೇ ಅವಸರಪಡಿಸಿದರೂ ಒಂದು ತಿಂಗಳು ಸಮಯ ಕೇಳಿ. ಬಂಡೆ ಎಲ್ಲಿಗೂ ಓಡಿಹೋಗುವುದಿಲ್ಲ.