ಒಂದೇ ಅಂಕ, 88 ಸ್ಥಾನದ ಅಂತರ

2018ರಲ್ಲಿ ವಿಶ್ವಸಂಸ್ಥೆ ತನ್ನ 193 ಸದಸ್ಯ ದೇಶಗಳ ಇ-ಆಡಳಿತವನ್ನು ಅಳೆದಾಗ ನ್ಯೂಜಿಲೆಂಡ್ 8ನೇ ಸ್ಥಾನದಲ್ಲಿತ್ತು, ಭಾರತ 96ರಲ್ಲಿ. ಇದರಲ್ಲೇನು ವಿಶೇಷ ಅನ್ನಬಹುದು. ಆದರೆ ಆನ್‌ಲೈನ್ ಸೇವೆಯ ಕಾಲಂ ಒಂದನ್ನೇ ನೋಡಿ: ಎರಡೂ ದೇಶಕ್ಕೆ 0.9514. ದಶಮಾಂಶದ ನಾಲ್ಕನೇ ಸ್ಥಾನದವರೆಗೂ ಸಮ! ಹಾಗಾದರೆ ಇಷ್ಟು ಅಂತರ ಎಲ್ಲಿಂದ ಬಂತು?

ಎರಡು ವರ್ಷಕ್ಕೊಮ್ಮೆ ಬರುವ ಈ ಸೂಚ್ಯಂಕ ಮೂರು ಅಂಕಗಳ ಸರಾಸರಿ. ಮೊದಲನೆಯದು ಆನ್‌ಲೈನ್ ಸೇವೆ. ಆಯಾ ದೇಶದ ಭಾಷೆ ಬಲ್ಲ ಸ್ವಯಂಸೇವಕರು ಸರ್ಕಾರಿ ಜಾಲತಾಣಗಳನ್ನು ತೆರೆದು, ಈ ಸೌಲಭ್ಯ ಇದೆಯೋ ಇಲ್ಲವೋ ಅಂತ ಗುರುತು ಹಾಕುತ್ತಾರೆ. ಎರಡನೆಯದು ಮೊಬೈಲ್, ಇಂಟರ್ನೆಟ್, ಬ್ರಾಡ್‌ಬ್ಯಾಂಡ್ ಎಷ್ಟು ಜನಕ್ಕಿದೆ ಎಂಬ ಮೂಲಸೌಕರ್ಯ. ಮೂರನೆಯದು ಸಾಕ್ಷರತೆ, ಶಾಲಾ ಶಿಕ್ಷಣದಂಥ ಮಾನವ ಸಂಪನ್ಮೂಲ. ಮೂರಕ್ಕೂ ಸಮಾನ ತೂಕ.

ಈಗ ಲೆಕ್ಕ ಮಾಡೋಣ. ಭಾರತದ ಮೂಲಸೌಕರ್ಯದ ಅಂಕ 0.2009, ಮಾನವ ಸಂಪನ್ಮೂಲ 0.5484, ಮೂರೂ ಸೇರಿ ಸರಾಸರಿ 0.5669. ನ್ಯೂಜಿಲೆಂಡಿನದು 0.7455 ಮತ್ತು 0.9450, ಸರಾಸರಿ 0.8806. ಭಾರತದ ಜಾಲತಾಣಗಳಿಗೆ ಪೂರ್ತಿ 1 ಅಂಕ ಕೊಟ್ಟರೂ ಸರಾಸರಿ 0.5831 ಅಷ್ಟೆ. ಅದರ ಬದಲು ನ್ಯೂಜಿಲೆಂಡಿನ ಮೂಲಸೌಕರ್ಯದ ಅಂಕವನ್ನು ಭಾರತಕ್ಕೆ ಹಾಕಿ ನೋಡಿ: 0.7484. ಆ ವರ್ಷ 'ಅತಿ ಹೆಚ್ಚು' ಗುಂಪು ಶುರುವಾಗುತ್ತಿದ್ದದ್ದೇ 0.75ರಿಂದ, ಕೂದಲೆಳೆ ದೂರ!

2020ರಲ್ಲಿ ಇನ್ನೊಂದು ತಮಾಷೆ ಆಯಿತು. ಭಾರತದ ಒಟ್ಟು ಅಂಕ 0.5964ಕ್ಕೆ ಏರಿತು, ಸ್ಥಾನ ಮಾತ್ರ 100ಕ್ಕೆ ಇಳಿಯಿತು. ಓಡುವವರ ಸಾಲಿನಲ್ಲಿ ನಾವು ಜೋರಾದರೆ ಸಾಲದು, ಪಕ್ಕದವರೂ ಜೋರಾಗಿರುತ್ತಾರೆ. ಪತ್ರಿಕೆಯ ತಲೆಬರಹಕ್ಕೆ ಸ್ಥಾನವೇ ಸಿಗೋದರಿಂದ ಈ ಏರಿಕೆ ಯಾರಿಗೂ ಕಾಣಲ್ಲ.

"ನಮ್ಮ ವೆಬ್‌ಸೈಟುಗಳು ಚೆನ್ನಾಗಿವೆ, ಸೂಚ್ಯಂಕ ಅನ್ಯಾಯ ಮಾಡ್ತಿದೆ" ಎಂದು ನಮ್ಮ ಎಂಜಿನಿಯರಿಂಗ್ ಗೆಳೆಯರು ಹೇಳೋದುಂಟು. ನಾನು ಒಪ್ಪಲ್ಲ. ಉಳಿದೆರಡು ಕಾಲಂಗಳಲ್ಲಿ ಇರುವುದು ನಮ್ಮ ಅಜ್ಜಿಯಂಥವರು. ಇಲ್ಲಿ ಅಪ್ಪರ್ ಹಟ್‌ನಲ್ಲಿ ನಮ್ಮ ಫ್ಲ್ಯಾಟಿನ ನಾಯಿಯ ನೋಂದಣಿಯನ್ನು ಊಟದ ಮೇಜಿನಲ್ಲೇ ಕೂತು ಫೋನಿನಲ್ಲಿ ಮುಗಿಸಿದೆವು. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿರುವ ಅಜ್ಜಿಗೆ ಪಹಣಿ ಬೇಕೆಂದರೆ ಸೇವಾ ಕೇಂದ್ರದ ಹುಡುಗ ಕಂಪ್ಯೂಟರಿನಲ್ಲಿ ತೆಗೆದುಕೊಡಬೇಕು. ಪಹಣಿ ಗಣಕದಲ್ಲಿದೆ. 2000ದ ಸುಮಾರಿಗೆ ಶುರುವಾದ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ ಎರಡು ಕೋಟಿ ದಾಖಲೆಗಳನ್ನು ಕೈಬರಹದಿಂದ ಗಣಕಕ್ಕೆ ತಂದಿತು. ಆದರೆ ಅಜ್ಜಿ ಇಂಟರ್ನೆಟ್ ಬಳಕೆದಾರಳಲ್ಲ.

ಹಾಗಂತ ಅಜ್ಜಿಗೆ ಸೇವೆ ಸಿಗಲಿಲ್ಲ ಅನ್ನೋಕಾಗತ್ತಾ? ಸಿಕ್ಕಿತಲ್ಲ. ಕರ್ನಾಟಕದಲ್ಲಿ 2022ರಿಂದ ಗ್ರಾಮ ಒನ್ ಕೇಂದ್ರಗಳು ಇರೋದೇ ಇದಕ್ಕೆ. ಇನ್ನೊಬ್ಬರ ಕೈಯಿಂದ ಸೇವೆ ಪಡೆದವರನ್ನು ಮೂಲಸೌಕರ್ಯದ ಕಾಲಂ ಗುರುತಿಸಲ್ಲ, ಹಾಗೇ ಅವರು ಕಳೆದುಕೊಂಡ ಅರ್ಧ ದಿನದ ಕೂಲಿಯನ್ನೂ ಜಾಲತಾಣದ ಕಾಲಂ ಎಣಿಸಲ್ಲ.

ಸಮಯವನ್ನೇ ಅಳೆಯುವ ದಾರಿಯೊಂದು ನಮ್ಮಲ್ಲೇ ಇದೆ. 2011ರ ಸಕಾಲ ಕಾಯ್ದೆ ಪ್ರತಿ ಸೇವೆಗೂ ದಿನಗಳ ಮಿತಿ ಇಟ್ಟಿತು. ಮೀರಿದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಅರ್ಜಿ ಹಾಕಿದವರಿಗೆ ಒಂದು ಸಂಖ್ಯೆ, ಅದರ ಮೇಲೆ ಗಡುವು. ಮೊತ್ತ ಚಿಕ್ಕದು, ಆದರೆ ಎಣಿಕೆ ಶುರುವಾಗೋದು ಅರ್ಜಿದಾರರ ಕೈಯಲ್ಲಿರೋ ಚೀಟಿಯಿಂದ.

ಕಳೆದ ವಾರ ಫೋನಿನಲ್ಲಿ ಅಜ್ಜಿಯನ್ನು ಕೇಳಿದೆ, ಪಹಣಿಗೆ ಎಷ್ಟು ಹೊತ್ತು ಹಿಡಿಯಿತು ಅಂತ. "ಚೀಟಿ ಬರೋಕೆ ಐದು ನಿಮಿಷ ಕಣಪ್ಪ. ಬಸ್ಸು ಬರೋಕೆ ಎರಡು ಗಂಟೆ."