ಸಿಇಟಿ ಫಲಿತಾಂಶದಲ್ಲಿ ಪ್ರಾಂಶುಪಾಲರ ಪಾತ್ರ: ರಾಯಚೂರು, ದೇವದುರ್ಗ, ಮಾನ್ವಿ

ವೃತ್ತಿಶಿಕ್ಷಣ ಪ್ರವೇಶಕ್ಕಾಗಿ ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ 1994ರಲ್ಲಿ ಆರಂಭವಾಯಿತು. ಅಂದಿನಿಂದ ಫಲಿತಾಂಶದ ದಿನ ರ‍್ಯಾಂಕ್ ಪಡೆದವರ ಹೆಸರು ಕೇಳಿಬರುತ್ತದೆ, ತರಬೇತಿ ಕೇಂದ್ರಗಳ ಜಾಹೀರಾತು ಕಾಣುತ್ತದೆ. ಕಾಲೇಜಿನ ಪ್ರಾಂಶುಪಾಲರು ಹಾಗೂ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಏನು ಮಾಡಿದರೆಂದು ವಿಚಾರಿಸುವವರು ವಿರಳ. ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಯಲ್ಲಿರುವ ವರ್ತಕರು ಹಾಗೂ ಉದ್ದಿಮೆದಾರರು ಈ ಪ್ರಶ್ನೆಯನ್ನು ಕೇಳಬೇಕಾಗಿದೆ.

ಕೆನೆತ್ ಲೀತ್‌ವುಡ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನ ವಿಮರ್ಶೆಯ ಪ್ರಕಾರ, ವಿದ್ಯಾರ್ಥಿಯ ಕಲಿಕೆಯ ಮೇಲೆ ಪರಿಣಾಮ ಬೀರುವ ಶಾಲೆಯೊಳಗಿನ ಅಂಶಗಳಲ್ಲಿ ತರಗತಿಯ ಬೋಧನೆ ಮೊದಲನೆಯದು, ಮುಖ್ಯಸ್ಥರ ನಾಯಕತ್ವ ಎರಡನೆಯದು. ಈ ಪ್ರಭಾವ ಬಹುಮಟ್ಟಿಗೆ ಪರೋಕ್ಷವಾದುದು. ಜಿನ್ನಿಂಗ್ ಕಾರ್ಖಾನೆಯ ಮಾಲೀಕನು ಯಂತ್ರವನ್ನು ತಾನೇ ನಡೆಸುವುದಿಲ್ಲ. ಆದರೆ ಹತ್ತಿ, ಆಳು, ವಿದ್ಯುತ್ತು ಮೂರೂ ಹೊತ್ತಿಗೆ ಸರಿಯಾಗಿ ಕೂಡಿಬರುವಂತೆ ನೋಡಿಕೊಳ್ಳುವವನು ಅವನೇ.

ಲೆಕ್ಕವನ್ನು ಗಮನಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಇಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ಅರ್ಧ, ಸಿಇಟಿ ಅಂಕಗಳಿಂದ ಅರ್ಧ. ಪಿಯುಸಿಯಲ್ಲಿ ಶೇ. 92, ಸಿಇಟಿಯಲ್ಲಿ ಶೇ. 40 ಪಡೆದವನ ಸರಾಸರಿ 66, ಕ್ರಮವಾಗಿ ಶೇ. 84 ಹಾಗೂ ಶೇ. 56 ಪಡೆದವನದು 70. ವಾರ್ಷಿಕ ಪರೀಕ್ಷೆಯ ಶೇಕಡಾವಾರು ಫಲಿತಾಂಶವನ್ನು ಮಾತ್ರ ಫಲಕದ ಮೇಲೆ ಬರೆಸುವ ಪ್ರಾಂಶುಪಾಲರು ಅರ್ಧ ಲೆಕ್ಕವನ್ನಷ್ಟೇ ಒಪ್ಪಿಸಿದಂತಾಯಿತು. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ವೈದ್ಯಕೀಯ ಪ್ರವೇಶದ ನೀಟ್‌ನಲ್ಲಿ ಪ್ರತಿ ತಪ್ಪಿಗೂ ಒಂದು ಅಂಕ ಹೋಗುತ್ತದೆ. ಎರಡಕ್ಕೂ ಒಂದೇ ತರಬೇತಿ ಪಡೆದ ವಿದ್ಯಾರ್ಥಿ ಸಿಇಟಿಯಲ್ಲಿಯೂ ಅಂಜಿ ಉತ್ತರ ಬಿಟ್ಟುಬರುತ್ತಾನೆ. ಓಎಂಆರ್ ಹಾಳೆಯ ಮೇಲೆ ನಾಲ್ಕಾರು ಅಣಕು ಪರೀಕ್ಷೆ ನಡೆಸಲು ಆಗುವ ಖರ್ಚು ಅತ್ಯಲ್ಪ.

ದೇವದುರ್ಗ, ಮಾನ್ವಿಗಳ ಸ್ಥಿತಿ ಬೇರೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ಈ ಎರಡೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಗು ಪಿಯುಸಿಯಲ್ಲಿ ಇಂಗ್ಲಿಷ್ ವಿಜ್ಞಾನದ ಎದುರು ತಬ್ಬಿಬ್ಬಾಗುತ್ತದೆ. ಹತ್ತಿ ಬಿಡಿಸುವ ಕಾಲದಲ್ಲಿ ಹಾಜರಿ ತಗ್ಗಿದರೆ ಆ ಪಾಠಗಳನ್ನು ಮತ್ತೆ ಮಾಡಿಸುವುದು, ಹಳ್ಳಿಯ ಬಸ್ಸಿನ ವೇಳೆ ನೋಡಿ ವಿಶೇಷ ತರಗತಿ ಇಡುವುದು ಪ್ರಾಂಶುಪಾಲರ ಕೈಯಲ್ಲಿರುವ ಸಂಗತಿ.

ಇದಕ್ಕಿಂತ ದೊಡ್ಡ ನಷ್ಟ ಕಾಗದಪತ್ರಗಳಲ್ಲಿ ಆಗುತ್ತದೆ. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ವ್ಯಾಸಂಗಕ್ಕೆ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5 ಮೀಸಲು, ಎರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗಿನ ಪೂರ್ಣ ಹತ್ತು ವರ್ಷಗಳ ವ್ಯಾಸಂಗ ಬೇಕು. ಎಂಟನೆಯ ತರಗತಿಗೆ ಹಳ್ಳಿಯಿಂದ ರಾಯಚೂರಿನ ಶಾಲೆಗೆ ಹಾಕಿದೊಡನೆ ಗ್ರಾಮೀಣ ಮೀಸಲಾತಿ ಕೈತಪ್ಪುತ್ತದೆ. ವರ್ಗಾವಣೆ ಪತ್ರ ಕೇಳಲು ಬಂದ ಪೋಷಕರಿಗೆ ಈ ಮಾತನ್ನು ತಿಳಿಸಬೇಕಾದವರು ಮುಖ್ಯೋಪಾಧ್ಯಾಯರು. ಬೇರೆ ಯಾರೂ ತಿಳಿಸುವುದಿಲ್ಲ. 371ಜೆ ವಿಧಿಯಡಿ 2013ರಿಂದ ಈ ಭಾಗದ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟುಗಳಿವೆ. ಅದಕ್ಕೆ ಸಹಾಯಕ ಆಯುಕ್ತರ ಅರ್ಹತಾ ಪ್ರಮಾಣಪತ್ರ ಬೇಕು. ರ‍್ಯಾಂಕ್ ಬಂದ ಮೇಲೆ ಕಚೇರಿಗೆ ಅಲೆಯುವವರಿಗೆ ದಿನಗಳು ಸಾಲುವುದಿಲ್ಲ. ಪ್ರಥಮ ಪಿಯುಸಿಯಲ್ಲಿಯೇ ಈ ಪತ್ರ ಮಾಡಿಸಿಡುವಂತೆ ಹೇಳುವ ಪ್ರಾಂಶುಪಾಲರಿದ್ದಲ್ಲಿ, ಅಷ್ಟೇ ಅಂಕಕ್ಕೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಬಾಗಿಲು ತೆರೆಯಬಹುದು.

ಹೀಗಿರುವಾಗ ಆಡಳಿತ ಮಂಡಳಿಯ ಸದಸ್ಯರು ಹೊಸ ಕಟ್ಟಡದ ನಕ್ಷೆಗೆ ಕೊಡುವಷ್ಟು ವೇಳೆಯನ್ನು ಮೂರು ದಾಖಲೆಗಳಿಗೂ ಕೊಡುವುದು ಒಳಿತು: ಗಣಿತ, ಭೌತಶಾಸ್ತ್ರದ ಉಪನ್ಯಾಸಕರು ಯಾವ ದಿನಾಂಕದಂದು ತರಗತಿ ಆರಂಭಿಸಿದರು, ಡಿಸೆಂಬರಿನ ಹಾಜರಿ ಎಷ್ಟು, ಅರ್ಜಿ ಕರೆಯುವ ಮೊದಲೇ ಎಷ್ಟು ವಿದ್ಯಾರ್ಥಿಗಳ ಪ್ರಮಾಣಪತ್ರಗಳು ಸಿದ್ಧವಾಗಿವೆ. ಕಾರ್ಖಾನೆಯ ದಾಸ್ತಾನು ಪುಸ್ತಕ ಓದಬಲ್ಲವರಿಗೆ ಇವನ್ನು ಓದುವುದು ಕಷ್ಟವಲ್ಲ. ಮೊದಲ ತಪಾಸಣೆಗೆ ಜುಲೈ ತಿಂಗಳು ತಕ್ಕುದು. ಜನವರಿಯಲ್ಲಿ ನೋಡಿದರೆ ತಿದ್ದಲು ಕಾಲಾವಕಾಶ ಉಳಿದಿರುವುದಿಲ್ಲ.