ಕೆರೆ ಒತ್ತುವರಿಗೆ ಉಪಗ್ರಹದ ಸಾಕ್ಷಿ

ಪ್ರಶ್ನೆ: ನಮ್ಮೂರ ಕೆರೆ ನಾನು ಹುಡುಗನಾಗಿದ್ದಾಗ ನೋಡಿದಷ್ಟು ದೊಡ್ಡದಾಗಿ ಈಗಿಲ್ಲ. ಒತ್ತುವರಿಯಾಗಿದೆ ಎಂದರೆ ‘ದಾಖಲೆ ತೋರಿಸಿ’ ಎನ್ನುತ್ತಾರೆ. ಹಳೆಯ ಉಪಗ್ರಹ ಚಿತ್ರಗಳಲ್ಲಿ ಇದು ಸಿಕ್ಕೀತೇ? ಅಷ್ಟು ಎತ್ತರದಿಂದ ನೀರು ಯಾವುದು, ಹೊಲ ಯಾವುದು ಎಂದು ಹೇಗೆ ಗೊತ್ತಾಗುತ್ತದೆ?
– ಓದುಗರೊಬ್ಬರು, ಕೋಲಾರ ಜಿಲ್ಲೆ

ಉತ್ತರ: ಸಿಗುತ್ತದೆ, ಒತ್ತುವರಿ ತಕ್ಕಷ್ಟು ದೊಡ್ಡದಿದ್ದರೆ.

ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಹಾರಿದ್ದು 1972ರ ಜುಲೈನಲ್ಲಿ. ಅದರ ಚಿತ್ರದ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಸುಮಾರು 80 ಮೀಟರ್ ಉದ್ದಗಲದ ಜಾಗ, ನಮ್ಮ ಲೆಕ್ಕದಲ್ಲಿ ಒಂದೂವರೆ ಎಕರೆ. ಅಷ್ಟೂ ಜಾಗಕ್ಕೆ ಒಂದೇ ಬಣ್ಣ. 1980ರ ದಶಕದ ಲ್ಯಾಂಡ್‌ಸ್ಯಾಟ್‌ಗಳಲ್ಲಿ ಚುಕ್ಕೆ 30 ಮೀಟರಿಗೆ, ಅಂದರೆ ಒಂಬತ್ತು ಗುಂಟೆಗೆ ಇಳಿಯಿತು. 2015ರಲ್ಲಿ ಬಂದ ಯುರೋಪಿನ ಸೆಂಟಿನೆಲ್-2ರ ಚುಕ್ಕೆ 10 ಮೀಟರ್. ಹೆಚ್ಚುಕಡಿಮೆ ಸರಿಯಾಗಿ ಒಂದು ಗುಂಟೆ! ಹಾಗಾಗಿ ವರ್ಷಕ್ಕೊಂದು ಮೊಳ ಬದು ಸರಿಸುವ ಜಾಣರು ಇದಕ್ಕೆ ಸಿಕ್ಕಿಬೀಳುವುದಿಲ್ಲ. ಕೆರೆಯಂಗಳಕ್ಕೆ ಮಣ್ಣು ಹೊಡೆಸಿ ಎರಡು ಎಕರೆ ಲೇಔಟ್ ಮಾಡಿದವರು ಸಿಗುತ್ತಾರೆ.

ಇನ್ನು ನೀರು ಗುರುತಿಸುವ ಬಗೆ. ಉಪಗ್ರಹದಲ್ಲಿರುವ ಸೆನ್ಸರು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಅಂದರೆ ಅವಕೆಂಪು ಬೆಳಕನ್ನೂ ಅಳೆಯುತ್ತದೆ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು ಅವಕೆಂಪನ್ನು ಜೋರಾಗಿ ವಾಪಸು ಕಳಿಸುತ್ತದೆ. ತಿಳಿನೀರು ಅವಕೆಂಪನ್ನು ಬಹುತೇಕ ನುಂಗಿಬಿಡುತ್ತದೆ. ಒಣಮಣ್ಣು ಇವೆರಡರ ನಡುವೆ. ಆದ್ದರಿಂದ ಅವಕೆಂಪಿನ ಚಿತ್ರದಲ್ಲಿ ತುಂಬಿದ ಕೆರೆ ಕಪ್ಪಗೆ, ರಾಗಿ ಹೊಲ ಹೊಳೆಯುತ್ತ ಕಾಣುತ್ತದೆ.

ಮೋಸವಾಗುವುದೂ ಇಲ್ಲೇ. ಕೊಳಚೆ ನೀರು ಸೇರಿ ಅಂತರಗಂಗೆ ಕಳೆ ಹಬ್ಬಿದ ಕೆರೆ ಉಪಗ್ರಹದ ಲೆಕ್ಕದಲ್ಲಿ ಹಸಿರು ಹೊಲ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಹೀಗೆಯೇ ಕಳೆ ಮುಚ್ಚಿಕೊಂಡಿತ್ತು. ಬರೀ ಅವಕೆಂಪಿನ ಲೆಕ್ಕ ನಂಬಿದವರಿಗೆ ನೀರೇ ಇಲ್ಲವೆನಿಸುತ್ತಿತ್ತು. ಋತುಮಾನದ್ದು ಇನ್ನೂ ದೊಡ್ಡ ಮೋಸ. 1990ರ ಡಿಸೆಂಬರಿನ ಚಿತ್ರದ ಪಕ್ಕ ಈಚಿನ ಏಪ್ರಿಲ್ ಚಿತ್ರ ಇಟ್ಟರೆ ಯಾವ ಕೆರೆಯಾದರೂ ಸೊರಗಿದಂತೆ ಕಾಣುತ್ತದೆ. ವಾಟ್ಸ್ಆ್ಯಪಿನಲ್ಲಿ ಓಡಾಡುವ ‘ಅಂದು–ಇಂದು’ ಚಿತ್ರಗಳಲ್ಲಿ ತಿಂಗಳು ಬರೆದಿರದಿದ್ದರೆ ನಾನು ಅವನ್ನು ನಂಬುವುದಿಲ್ಲ. ನಿಮ್ಮ ಕಡೆ ಹಿಂಗಾರು ಮುಗಿದ ಡಿಸೆಂಬರ್–ಜನವರಿ ಒಳ್ಳೆಯದು: ಮೋಡ ಕಡಿಮೆ, ಕೆರೆಯಲ್ಲಿ ನೀರೂ ಇದ್ದೀತು. ಪ್ರತಿ ವರ್ಷವೂ ಅದೇ ತಿಂಗಳಿನದನ್ನೇ ತೆಗೆದುಕೊಳ್ಳಿ. ಮಳೆಗಾಲದ್ದೇ ಬೇಕೆಂದರೆ ಮೋಡ ತೂರಿ ನೋಡುವ ರೇಡಾರ್ ಉಪಗ್ರಹಗಳಿವೆ.

ಕೋಲಾರದ ಕೆರೆಗಳಿಗೆ ಇನ್ನೊಂದು ತೊಡಕು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿದು, ಒಣಗಿದ್ದ ಹಲವು ಕೆರೆಗಳು ತುಂಬಿವೆ. ನಿಮ್ಮ ಕೆರೆಯೂ ಅವುಗಳಲ್ಲಿ ಸೇರಿದ್ದರೆ, ಒತ್ತುವರಿ ನಡೆದಿದ್ದರೂ ಚಿತ್ರದಲ್ಲಿ ಕೆರೆ ‘ಬೆಳೆದಂತೆ’ ಕಾಣಬಹುದು! ನೀರು ನಿಂತ ಗೆರೆಯೇ ಬೇರೆ, ಕೆರೆಯ ಗಡಿಯೇ ಬೇರೆ. ಗಡಿ ಇರುವುದು ಗ್ರಾಮ ನಕಾಶೆಯಲ್ಲಿ, ಸರ್ವೆ ನಂಬರಿನಲ್ಲಿ. ಅದನ್ನು ಭೂಮಾಪಕರು ಅಳೆದೇ ಹೇಳಬೇಕು.

ಹಾಗಾದರೆ ಉಪಗ್ರಹದಿಂದ ಏನು ಲಾಭ? ‘ಇದು ಅಜ್ಜನ ಕಾಲದಿಂದ ನಮ್ಮದೇ’ ಎನ್ನುವ ಮಾತಿಗೆ ಉತ್ತರ ಸಿಗುತ್ತದೆ. ಆ ಮೂಲೆಯಲ್ಲಿ 2005ರವರೆಗೂ ನೀರು ನಿಲ್ಲುತ್ತಿತ್ತು, 2008ರ ಹೊತ್ತಿಗೆ ಬರಿ ಮಣ್ಣು, 2011ಕ್ಕೆ ಮನೆಗಳು ಎಂಬಂಥ ಸಂಗತಿಯನ್ನು ಸಾಲು ಚಿತ್ರಗಳಷ್ಟು ಸ್ಪಷ್ಟವಾಗಿ ಊರಿನ ಯಾವ ಹಿರಿಯರೂ ಹೇಳಲಾರರು.

ಲ್ಯಾಂಡ್‌ಸ್ಯಾಟ್ ಸಂಗ್ರಹ 2008ರಿಂದ ಎಲ್ಲರಿಗೂ ಉಚಿತ. ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ‘ಅರ್ಥ್ ಎಕ್ಸ್‌ಪ್ಲೋರರ್’ ತಾಣದಲ್ಲಿದೆ. ಸೆಂಟಿನೆಲ್ ಚಿತ್ರಗಳಿಗೂ ದುಡ್ಡಿಲ್ಲ. ಇಸ್ರೋದ ‘ಭುವನ್’ ಕೂಡ ನೋಡಿ. ಇಷ್ಟೆಲ್ಲ ಬೇಡವೆಂದರೆ ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆರೆದು ಹಳೆಯ ವರ್ಷಗಳಿಗೆ ಸರಿಸಿ. ಈ ಶತಮಾನದ ಚಿತ್ರಗಳಲ್ಲಿ ಎಷ್ಟೋ ಕಡೆ ಮನೆಯ ಸೂರು, ಕಾಂಪೌಂಡು ಸಹ ಕಾಣುತ್ತವೆ. ನಾಲ್ಕೈದು ಚಿತ್ರ ಆರಿಸಿ, ಪ್ರತಿಯೊಂದರ ಕೆಳಗೂ ಉಪಗ್ರಹದ ಹೆಸರು, ತೆಗೆದ ತಾರೀಕು ಬರೆದು, ಗ್ರಾಮ ನಕಾಶೆಯ ಪ್ರತಿಯೊಂದಿಗೆ ತಹಸೀಲ್ದಾರರಿಗೆ ಸರ್ವೆ ಕೋರಿ ಅರ್ಜಿ ಕೊಡಿ. ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.